ಪಹಣಿಯಲ್ಲಿ ಯಾರ ಹೆಸರಿದೆ?

ಹಲ್ಮಿಡಿ ಶಾಸನ ಎಂದ ಕೂಡಲೇ ಶಾಲಾ ಮಕ್ಕಳಿಗೆ ನೆನಪಾಗುವುದು ಕನ್ನಡ ಭಾಷೆಯ ಹಳಮೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಕಲ್ಲನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕ್ರಿ.ಶ. 450ರ ಸುಮಾರಿನದು ಎಂದು ಸಾಮಾನ್ಯವಾಗಿ ಹೇಳಲಾಗುವ ಅದರಲ್ಲಿ ಬರೆದಿರುವುದಾದರೂ ಏನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬವನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟ ವಿಚಾರ. ಅಂದರೆ ನಾವು ಭಾಷೆಯ ಹೆಮ್ಮೆ ಎಂದು ಕೊಂಡಾಡುವ ಆ ಕಲ್ಲು ಮೂಲತಃ ಒಂದು ಭೂದಾಖಲೆ. ಯಾವ ನೆಲ, ಯಾರಿಗೆ, ಯಾವ ಕಾರಣಕ್ಕೆ ಎಂಬುದನ್ನು ಹೇಳಿ, ಇದನ್ನು ಕೆಡಿಸಿದವರಿಗೆ ಪಾಪ ತಟ್ಟುತ್ತದೆಂಬ ಎಚ್ಚರಿಕೆಯನ್ನೂ ಅದು ಸೇರಿಸಿದೆ.

ಆ ದಾಖಲೆಯನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ್ದೇಕೆ? ಪೆಟ್ಟಿಗೆಯಲ್ಲಿಟ್ಟ ಓಲೆಯನ್ನು ಒಬ್ಬರು ಮಾತ್ರ ನೋಡಬಹುದು. ಬಯಲಿನಲ್ಲಿ ನಿಂತ ಕಲ್ಲನ್ನು ಊರೇ ನೋಡುತ್ತದೆ. ನೆಲ ಯಾರದೆಂಬುದು ನಾಲ್ಕು ಜನರಿಗೆ ತಿಳಿದಿದ್ದರೆ ಮಾತ್ರ ಅದನ್ನು ಕಸಿಯುವುದು ಕಷ್ಟವಾಗುತ್ತದೆ. ಇಂದಿನ ಭೂದಾಖಲೆಗಳ ಹಿಂದಿರುವ ತತ್ವವೂ ಇದೇ. ಕಲ್ಲಿನ ಜಾಗಕ್ಕೆ ಕಾಗದ ಬಂತು, ಕಾಗದದ ಜಾಗಕ್ಕೆ ಕಂಪ್ಯೂಟರ್ ಬಂತು. ಆದರೆ ತೆರೆದಿಟ್ಟ ಪುಸ್ತಕವನ್ನು ಓದುವವರು ಇಲ್ಲದಿದ್ದರೆ ಅದು ಯಾರನ್ನೂ ಕಾಯುವುದಿಲ್ಲ ಎಂಬುದನ್ನು ಕರ್ನಾಟಕದ ಕಳೆದ ಐವತ್ತು ವರ್ಷಗಳ ಅನುಭವ ಮತ್ತೆ ಮತ್ತೆ ತೋರಿಸಿದೆ.

ಶಾನುಭೋಗರ ಕಡತ

ಹಳೆಯ ಮೈಸೂರು ಸಂಸ್ಥಾನದಲ್ಲಿ ಕಂದಾಯ ಭೂಮಾಪನ ಆರಂಭವಾದದ್ದು 1863ರಲ್ಲಿ. ಹೊಲಗಳನ್ನು ಸರಪಳಿ ಹಿಡಿದು ಅಳೆದು, ಗಡಿಗೆ ಕಲ್ಲು ನೆಟ್ಟು, ಪ್ರತಿಯೊಂದಕ್ಕೂ ಸರ್ವೆ ನಂಬರು ಕೊಡಲಾಯಿತು. ಇಂದಿಗೂ ನಮ್ಮ ರೈತರು ಬಳಸುವ ಗುಂಟೆಯ ಲೆಕ್ಕ ಈ ಸರಪಳಿಯ ಅಳತೆಯದೇ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. 33ನ್ನು 33ರಿಂದ ಗುಣಿಸಿ, ಬಂದದ್ದನ್ನು 40ರಿಂದ ಗುಣಿಸಿದರೆ 43,560 ಚದರ ಅಡಿ ಬರುತ್ತದೆ. ಗಣಿತದ ಮೇಷ್ಟರು ಬಾಯಿಪಾಠ ಮಾಡಿಸುವ ಎಕರೆಯ ವಿಸ್ತೀರ್ಣ ಇದೇ ಅಲ್ಲವೆ?

ಈ ಲೆಕ್ಕಗಳೆಲ್ಲ ಇದ್ದದ್ದು ಶಾನುಭೋಗರ ಕೈಯಲ್ಲಿ. ಆ ಹುದ್ದೆ ವಂಶಪಾರಂಪರ್ಯವಾಗಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಕಡತ ಸರ್ಕಾರದ್ದಾದರೂ ಅದು ಉಳಿಯುತ್ತಿದ್ದುದು ಅವರ ಮನೆಯಲ್ಲಿ. ಅಕ್ಷರ ಬಾರದ ರೈತನಿಗೆ ತನ್ನ ಹೊಲದ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂಬುದು ಶಾನುಭೋಗರು ಓದಿ ಹೇಳಿದಷ್ಟೇ ಗೊತ್ತು. ಪ್ರಾಮಾಣಿಕರಾದವರು ಊರಿಗೆ ಆಸರೆಯಾಗಿದ್ದರು. ಅಲ್ಲದವರ ಕೈಯಲ್ಲಿ ಲೇಖನಿಯ ಒಂದು ಗೀರು ಒಂದು ಕುಟುಂಬದ ಹಣೆಬರಹವನ್ನೇ ಬದಲಿಸಬಹುದಿತ್ತು. 1961ರಲ್ಲಿ ಅಂಗೀಕಾರವಾದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಾಗ ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಸರ್ಕಾರವೇ ನೇಮಿಸಿದ ಗ್ರಾಮಲೆಕ್ಕಿಗರು ಬಂದರು. ಈಗ ಇವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನುತ್ತಾರೆ. 1964ರ ಏಪ್ರಿಲ್ 1ರಿಂದ ಜಾರಿಯಾದ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಬಗೆಯ ದಾಖಲೆಯ ಪದ್ಧತಿಯನ್ನು ತಂದಿತು.

ಪಹಣಿಯನ್ನು ಓದುವ ಬಗೆ

ಹಳ್ಳಿಗರು ಪಹಣಿ ಎಂದೂ, ಕಚೇರಿಯವರು ಆರ್‌ಟಿಸಿ ಎಂದೂ ಕರೆಯುವ ಪತ್ರ ಈ ಪದ್ಧತಿಯ ಬೆನ್ನೆಲುಬು. ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ಹೇಳುವುದು ಇದರ ವಿಶೇಷ. ಪಹಣಿ ಎಂಬುದು ಮರಾಠಿಯಿಂದ ಬಂದ ಮಾತು. ಕಣ್ಣಾರೆ ನೋಡುವುದು, ತಪಾಸಣೆ ಮಾಡುವುದು ಎಂದು ಅದರ ಅರ್ಥ. ಹೊಲಕ್ಕೆ ಹೋಗಿ, ಯಾರು ಉಳುತ್ತಿದ್ದಾರೆ, ಏನು ಬೆಳೆದಿದ್ದಾರೆ ಎಂದು ನೋಡಿ ಬರೆಯಬೇಕಾದ ಲೆಕ್ಕವದು.

ಮೊದಲ ನೋಟಕ್ಕೆ ಈ ಹಾಳೆ ಗೊಂದಲ ಹುಟ್ಟಿಸುತ್ತದೆ. ಆದರೆ ಐದಾರು ಕಾಲಂಗಳನ್ನು ಗುರುತಿಸಲು ಕಲಿತರೆ ಹೈಸ್ಕೂಲು ವಿದ್ಯಾರ್ಥಿಯೂ ಓದಬಲ್ಲ.

ಮೊದಲಿಗೆ ಸರ್ವೆ ನಂಬರು ಮತ್ತು ಹಿಸ್ಸಾ ನಂಬರು. ಒಂದು ಸರ್ವೆ ನಂಬರು ಪಾಲಾಗಿ ಒಡೆದಾಗ ಹುಟ್ಟುವ ತುಂಡುಗಳೇ ಹಿಸ್ಸೆಗಳು. ಮೂರನೆಯ ಕಾಲಂನಲ್ಲಿ ವಿಸ್ತೀರ್ಣವಿರುತ್ತದೆ. ಅದರಲ್ಲೇ ಖರಾಬು ಎಂಬ ಲೆಕ್ಕವೂ ಇದೆ. ಬಂಡೆ, ದಿಣ್ಣೆಗಳಂಥ ಸಾಗುವಳಿಗೆ ಬಾರದ ಜಾಗ ‘ಅ’ ಖರಾಬು. ದಾರಿ, ಹಳ್ಳ, ಕಾಲುವೆಗಳಂಥ ಸಾರ್ವಜನಿಕರ ಬಳಕೆಗೆ ಮೀಸಲಾದ ಜಾಗ ‘ಬ’ ಖರಾಬು. ‘ಬ’ ಖರಾಬನ್ನು ಯಾರೂ ತಮ್ಮದೆಂದು ಮಾರಲಾರರು. ಹೊಲ ಕೊಳ್ಳುವವರು ಒಟ್ಟು ವಿಸ್ತೀರ್ಣವನ್ನಷ್ಟೇ ನೋಡಿ ಮೋಸ ಹೋಗುವುದು ಇಲ್ಲಿಯೇ.

ಒಂಬತ್ತನೆಯ ಕಾಲಂ ಎಲ್ಲರ ಕಣ್ಣು ಬೀಳುವ ಜಾಗ. ಜಮೀನು ಯಾರ ಹೆಸರಿನಲ್ಲಿದೆ, ಒಬ್ಬರೋ ಜಂಟಿಯೋ, ಯಾರಿಗೆ ಎಷ್ಟು ಎಂಬುದು ಅಲ್ಲಿ ತಿಳಿಯುತ್ತದೆ. ಹತ್ತನೆಯ ಕಾಲಂ ಅಷ್ಟೇ ಮುಖ್ಯ. ಆ ಹೆಸರು ಅಲ್ಲಿಗೆ ಬಂದದ್ದು ಹೇಗೆ? ಕ್ರಯದಿಂದಲೋ, ದಾನದಿಂದಲೋ, ವಿಭಾಗದಿಂದಲೋ, ಹಿರಿಯರು ತೀರಿಕೊಂಡ ನಂತರ ಪೌತಿಯಿಂದಲೋ? ಅಲ್ಲಿ ಎಂ.ಆರ್. ಎಂಬ ಅಕ್ಷರಗಳ ಜೊತೆ ಒಂದು ಸಂಖ್ಯೆ ಮತ್ತು ವರ್ಷ ಇರುತ್ತದೆ. ಹಕ್ಕು ಬದಲಾವಣೆಯ ವಹಿಯಲ್ಲಿ ಆ ಸಂಖ್ಯೆಯನ್ನು ಹುಡುಕಿದರೆ, ಹೆಸರು ಬದಲಾದ ಪೂರ್ತಿ ಕಥೆ ಸಿಗುತ್ತದೆ. ಹನ್ನೊಂದನೆಯದು ಇತರ ಹಕ್ಕುಗಳು ಮತ್ತು ಋಣಗಳ ಕಾಲಂ. ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲವಿದ್ದರೆ ಇಲ್ಲಿ ಕಾಣಬೇಕು. ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುತ್ತಿರುವವರು ಯಾರು, ಯಾವ ರೀತಿಯಲ್ಲಿ, ಯಾವ ಬೆಳೆ ಎಂಬ ವಿವರ ಇರುತ್ತದೆ.

ಒಂಬತ್ತರಲ್ಲಿ ಹೆಸರು ಯಾರದು, ಹನ್ನೆರಡರಲ್ಲಿ ಬೆವರು ಯಾರದು. ಈ ಎರಡರ ನಡುವಿನ ಅಂತರದಲ್ಲೇ ನಾಡಿನ ದೊಡ್ಡದೊಂದು ಬದಲಾವಣೆ ನಡೆದುಹೋಯಿತು.

ಹನ್ನೆರಡನೆಯ ಕಾಲಂನ ಬೆಲೆ

‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಕಾಯ್ದೆಯ ರೂಪ ಪಡೆದದ್ದು ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದಿಗೆ ಗೇಣಿದಾರರ ಕೈಯಲ್ಲಿದ್ದ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿಕೊಂಡರೆ ಭೂನ್ಯಾಯಮಂಡಳಿ ವಿಚಾರಣೆ ನಡೆಸಿ ಅಧಿಭೋಗದ ಹಕ್ಕು ಕೊಡಬೇಕಿತ್ತು. ಅರ್ಜಿ ಹಾಕಲು ಗಡುವನ್ನು ವಿಸ್ತರಿಸುತ್ತಾ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ಅದು ನಿಂತಿತು. ಮಂಡಳಿಯ ಮುಂದೆ ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಬಡ ಗೇಣಿದಾರ ಧಣಿಯ ವಕೀಲನೆದುರು ತಡವರಿಸಬಾರದು ಎಂಬುದು ಅದರ ಉದ್ದೇಶ.

ಆದರೆ ‘ನಾನೇ ಉಳುತ್ತಿದ್ದೆ’ ಎಂದು ತೋರಿಸುವುದು ಹೇಗೆ? ಇಲ್ಲಿ ಪಹಣಿಯ ಹನ್ನೆರಡನೆಯ ಕಾಲಂ ಮುಂದೆ ಬಂತು. ಭೂಕಂದಾಯ ಕಾಯ್ದೆಯ 133ನೆಯ ಕಲಮಿನ ಪ್ರಕಾರ, ಹಕ್ಕು ದಾಖಲೆಯಲ್ಲಿರುವ ನಮೂದನ್ನು ಅದು ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದೇ ಭಾವಿಸಬೇಕು. ಹೀಗಾಗಿ 1974ಕ್ಕೆ ಹಿಂದಿನ ವರ್ಷಗಳ ಪಹಣಿಯಲ್ಲಿ ಗೇಣಿದಾರನ ಹೆಸರಿದ್ದರೆ ಅರ್ಧ ಗೆದ್ದಂತೆ. ಅಲ್ಲಿ ಧಣಿಯ ಹೆಸರು ಬರೆದು ಮುಂದೆ ‘ಸ್ವಂತ’ ಎಂದು ನಮೂದಾಗಿದ್ದರೆ, ತಲೆಮಾರಿನಿಂದ ಉತ್ತವನೂ ಗೇಣಿ ರಸೀದಿಗಳನ್ನು ಹುಡುಕಬೇಕು, ಅಕ್ಕಪಕ್ಕದ ಹೊಲದವರನ್ನು ಸಾಕ್ಷಿಗೆ ಕರೆತರಬೇಕು. ಕೈ ಕೆಸರಾಗಿದ್ದರೂ ಕಾಗದದಲ್ಲಿ ಹೆಸರಿಲ್ಲದವನಿಗೆ ಬಾಯಿ ಮೊಸರಾಗುವುದು ಸುಲಭವಿರಲಿಲ್ಲ.

ಕರಾವಳಿಯಲ್ಲಿ ಇದರ ಪರಿಣಾಮ ಹೆಚ್ಚು. ಶಾಶ್ವತವಾದ ಮೂಲಗೇಣಿ, ಧಣಿ ಬಿಡಿಸಬಹುದಾದ ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನ ಅಲ್ಲಿ ಬೇರುಬಿಟ್ಟಿತ್ತು. ಅಲ್ಲಿ ಎಷ್ಟೋ ಒಕ್ಕಲು ಮನೆಗಳು ಹೊಲದ ಒಡೆತನ ಕಂಡವು. ಒಡೆತನ ಕಳೆದುಕೊಂಡ ಮನೆಗಳೂ ಇದ್ದವು. ಅವುಗಳಲ್ಲಿ ವಿಧವೆಯರ ಹಾಗೂ ಚಿಕ್ಕ ಹಿಡುವಳಿದಾರರ ಮನೆಗಳೂ ಸೇರಿದ್ದವು. ಕೂಲಿಯಾಗಿ ದುಡಿದವರ ಪಾಡು ಬೇರೆಯೇ. ಶಿವರಾಮ ಕಾರಂತರ ‘ಚೋಮನ ದುಡಿ’ಯ ಚೋಮನಿಗೆ ಗೇಣಿಗೆ ಒಂದು ತುಂಡು ಭೂಮಿ ಸಿಗಲಿ ಎಂಬುದೇ ಬಾಳಿನ ಆಸೆ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಕೈಗೂಡಲಿಲ್ಲ. ಗೇಣಿದಾರನೇ ಆಗಲಾರದವನ ಹೆಸರು ಹನ್ನೆರಡನೆಯ ಕಾಲಂಗೆ ಬರುವುದಾದರೂ ಹೇಗೆ? ಪುಸ್ತಕದಲ್ಲಿ ಹೆಸರಿಲ್ಲದವರನ್ನು ಸುಧಾರಣೆಯ ಕಣ್ಣೂ ಕಾಣಲಿಲ್ಲ.

ತೆರೆದ ಪುಸ್ತಕ

ಒಂದು ಪಹಣಿ ಪ್ರತಿಗಾಗಿ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ದಿನಗಟ್ಟಲೆ ಅಲೆದದ್ದು ಹಿಂದಿನ ತಲೆಮಾರಿನ ರೈತರಿಗೆ ಚೆನ್ನಾಗಿ ಗೊತ್ತು. ಸಾಲಕ್ಕೆ ಪಹಣಿ ಬೇಕು, ಜಾಮೀನಿಗೆ ಪಹಣಿ ಬೇಕು, ಪರಿಹಾರಕ್ಕೂ ಬೇಕು. ಸರ್ಕಾರದ ಶುಲ್ಕ ಅತ್ಯಲ್ಪ. ಮೇಲೆ ಕೊಡಬೇಕಾದದ್ದಕ್ಕೆ ಲೆಕ್ಕವಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬಂತು. ಕಂಪ್ಯೂಟರೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ದಾಖಲೆಯಲ್ಲಿ ಕೈಯಾಡಿಸುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು ಏನು ಬದಲಿಸಿದರು ಎಂಬುದು ಉಳಿದುಕೊಳ್ಳುತ್ತದೆ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಕೈಗೆತ್ತಿಕೊಳ್ಳಬೇಕೆಂಬ ನಿಯಮ ಬಂತು. ಕಿಂಡಿಯಲ್ಲಿ ಸಿಬ್ಬಂದಿಗೊಂದು ಪರದೆ, ಎದುರು ನಿಂತ ರೈತನಿಗೊಂದು ಪರದೆ. ಪುಸ್ತಕ ಮೊದಲ ಬಾರಿಗೆ ರೈತನ ಕಡೆಗೂ ತಿರುಗಿತು ಎನ್ನಬಹುದು. ಈಗಂತೂ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರು ಕೊಟ್ಟರೆ ಯಾವುದೇ ಹೊಲದ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು.

ಯಾರು ಬೇಕಾದರೂ ಎಂಬ ಮಾತಿನಲ್ಲೇ ಒಂದು ಪ್ರಶ್ನೆಯೂ ಇದೆ. ಬೆಂಗಳೂರಿನ ಸುತ್ತಮುತ್ತ ಈ ಯೋಜನೆಯನ್ನು ಅಧ್ಯಯನ ಮಾಡಿದ ಸಂಶೋಧಕರು 2007ರಲ್ಲೇ ಅದನ್ನು ಎತ್ತಿದ್ದರು. ತೆರೆದ ದಾಖಲೆಯಿಂದ ಮೊದಲು ಲಾಭ ಪಡೆಯುವವರು ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರೇ ಅಲ್ಲವೆ ಎಂಬುದು ಅವರ ಶಂಕೆ. ಶಂಕೆ ತಳ್ಳಿಹಾಕುವಂಥದ್ದಲ್ಲ. ಆದರೆ ಅದಕ್ಕೆ ಪರಿಹಾರ ಪುಸ್ತಕವನ್ನು ಮತ್ತೆ ಮುಚ್ಚುವುದಲ್ಲ. ಕೊಳ್ಳುವವನಷ್ಟೇ ಚೆನ್ನಾಗಿ ಹೊಲದವನೂ ಅದನ್ನು ಓದುವಂತಾಗಬೇಕು.

ಹೆಸರಿದ್ದ ಮಾತ್ರಕ್ಕೆ ಒಡೆತನವೆ?

ಪಹಣಿಯಲ್ಲಿ ಹೆಸರಿದ್ದರೆ ಜಮೀನು ತಮ್ಮದೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. ಕಂದಾಯ ದಾಖಲೆಯ ನಮೂದು ಹಕ್ಕನ್ನು ಹುಟ್ಟಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಹಕ್ಕು ಹುಟ್ಟುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು ಅಥವಾ ವಾರಸಿಕೆಯಿಂದ. ಪಹಣಿ ಅದನ್ನು ತೋರಿಸುವ ಕನ್ನಡಿಯಷ್ಟೇ. ಕನ್ನಡಿ ಮಸುಕಾಗಿರಬಹುದು. ಪಟ್ಟಣದ ನಿವೇಶನದ ‘ಖಾತೆ’ಗೂ ಇದೇ ಮಾತು ಅನ್ವಯಿಸುತ್ತದೆ. ಅದು ತೆರಿಗೆ ಯಾರಿಂದ ಬರಬೇಕೆಂಬ ಲೆಕ್ಕ.

ಆದ್ದರಿಂದ ಪಹಣಿಯ ಜೊತೆಗೆ ಇನ್ನೊಂದು ಪುಸ್ತಕವನ್ನೂ ನೋಡಬೇಕು. ಅದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಗೆ ಸಂಬಂಧಿಸಿದ ಪತ್ರಗಳು ದಾಖಲಾಗುವ ಒಂದನೆಯ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ಪರಿಶೀಲಿಸಬಹುದು. ಅದರ ಆಧಾರದ ಮೇಲೆ ಕೊಡುವುದೇ ಋಣಭಾರ ಪ್ರಮಾಣಪತ್ರ. ಜನ ಇದನ್ನು ಇ.ಸಿ. ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಆ ಸ್ವತ್ತಿನ ಮೇಲೆ ಯಾವ ಮಾರಾಟ, ಯಾವ ಅಡಮಾನ ನೋಂದಣಿಯಾಗಿದೆ ಎಂಬುದು ಅದರಲ್ಲಿ ತಿಳಿಯುತ್ತದೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದಿಲ್ಲ. ಪತ್ರವನ್ನು ನೋಂದಾಯಿಸುವ ಅಧಿಕಾರಿ, ಮಾರುವವನಿಗೆ ನಿಜಕ್ಕೂ ಹಕ್ಕಿದೆ ಎಂದು ಖಾತರಿ ಕೊಡುವವರೂ ಅಲ್ಲ.

ಎಲ್ಲ ದೇಶಗಳಲ್ಲೂ ಹೀಗಿಲ್ಲ. ಹಡಗುಗಳ ಒಡೆತನವನ್ನು ಒಂದೇ ವಹಿಯಲ್ಲಿ ಬರೆದಿಡುವಂತೆ ಭೂಮಿಯ ಒಡೆತನವನ್ನೂ ಬರೆದಿಡಬಾರದೇಕೆ ಎಂದು ರಾಬರ್ಟ್ ಟೊರೆನ್ಸ್ ಎಂಬವರು ಯೋಚಿಸಿದರು. ಅವರ ಯತ್ನದಿಂದ ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಹೊಸ ಕಾಯ್ದೆ ಬಂತು. ಅಲ್ಲಿ ಸರ್ಕಾರದ ವಹಿಯಲ್ಲಿರುವ ಹೆಸರೇ ಒಡೆತನ. ಇಂಗ್ಲೆಂಡಿನಲ್ಲಿ ಇಂಥ ವಹಿ 1862ರಿಂದ ಇದ್ದರೂ ಅದನ್ನು ಸಾರ್ವಜನಿಕರು ಮುಕ್ತವಾಗಿ ನೋಡಲು ಅವಕಾಶವಾದದ್ದು 1990ರ ಡಿಸೆಂಬರಿನಲ್ಲಿ! ಹೆಸರು ಕಂಡರೂ ಅದರ ಹಿಂದಿನ ಕೈ ಕಾಣದಿದ್ದರೆ ಏನು ಪ್ರಯೋಜನ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತು. ವಿದೇಶಿ ಕಂಪನಿಗಳ ಹೆಸರಿನಲ್ಲಿ ಆಸ್ತಿ ಹೊಂದಿರುವವರು ನಿಜವಾದ ಒಡೆಯರಾರೆಂದು ಘೋಷಿಸಬೇಕೆಂಬ ವಹಿ 2022ರ ಆಗಸ್ಟಿನಲ್ಲಿ ತೆರೆಯಿತು. ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ಈ ರೋಗ ನಮಗೆ ಹೊಸದಲ್ಲ. ಬೇನಾಮಿ ವ್ಯವಹಾರಗಳನ್ನು ನಿಷೇಧಿಸುವ ಕಾಯ್ದೆ ನಮ್ಮಲ್ಲಿ 1988ರಲ್ಲೇ ಬಂದಿದ್ದು, 2016ರಲ್ಲಿ ಅದನ್ನು ಬಿಗಿಗೊಳಿಸಲಾಗಿದೆ.

ಬಿಟ್ಟುಹೋದ ಹೆಸರುಗಳು

ದಾಖಲೆಯಲ್ಲಿ ತಪ್ಪು ಹೆಸರಿರುವುದು ಒಂದು ಸಮಸ್ಯೆಯಾದರೆ, ಇರಬೇಕಾದ ಹೆಸರು ಇಲ್ಲದಿರುವುದು ಇನ್ನೂ ದೊಡ್ಡದು. ತಾತ ತೀರಿಕೊಂಡು ಇಪ್ಪತ್ತು ವರ್ಷವಾದರೂ ಒಂಬತ್ತನೆಯ ಕಾಲಂನಲ್ಲಿ ಅವರೇ ಇರುತ್ತಾರೆ. ‘ಮನೆಯವರೇ ತಾನೆ, ಆಮೇಲೆ ಮಾಡಿಸಿದರಾಯಿತು’ ಎಂಬ ಉದಾಸೀನ. ಸಾಲಕ್ಕೋ ಪರಿಹಾರಕ್ಕೋ ಪಹಣಿ ಬೇಕಾದಾಗ ವಂಶವೃಕ್ಷ, ಮರಣಪತ್ರಗಳಿಗಾಗಿ ಓಡಾಟ ಶುರುವಾಗುತ್ತದೆ. ಅಷ್ಟರಲ್ಲಿ ವಾರಸುದಾರರು ನಾಲ್ವರಿಂದ ಹದಿನಾಲ್ಕಾಗಿರುತ್ತಾರೆ.

ಪೌತಿ ಖಾತೆ ಮಾಡಿಸುವಾಗಲೂ ಗಂಡುಮಕ್ಕಳ ಹೆಸರಷ್ಟೇ ಬರೆಸಿ ಸುಮ್ಮನಾಗುವುದು ಎಷ್ಟೋ ಮನೆಗಳ ರೂಢಿ. ಕಾಯ್ದೆ ಹೇಳುವುದು ಬೇರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. ಅದಕ್ಕೆ ಮೊದಲೇ ಮದುವೆಯಾದವರು ಅದರಿಂದ ಹೊರಗುಳಿದಿದ್ದರು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಆ ದಿನ ತಂದೆ ಬದುಕಿರಬೇಕೆಂಬ ನಿರ್ಬಂಧವೂ ಇಲ್ಲವೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ಕಾಯ್ದೆ ಪುಸ್ತಕದ ಹಕ್ಕು ಪಹಣಿಯ ಹೆಸರಾಗಬೇಕಾದರೆ ಯಾರಾದರೂ ಅರ್ಜಿ ಬರೆಯಬೇಕು. 1974ರಲ್ಲಿ ಗೇಣಿದಾರನಿಗೆ ಆದ ಪಾಠವೇ ಇಲ್ಲಿಯೂ ಕಾಣುತ್ತದೆ. ತನ್ನ ಹೆಸರು ಬಿಟ್ಟುಹೋಗಿದೆ ಎಂದು ತಿಳಿಯದ ಹೆಣ್ಣುಮಗಳು, ಅಣ್ಣತಮ್ಮಂದಿರು ಚಾಚಿದ ಹಕ್ಕು ಬಿಡುಗಡೆ ಪತ್ರಕ್ಕೆ ಓದದೆಯೇ ಸಹಿ ಹಾಕುತ್ತಾಳೆ. ಬಿಟ್ಟುಕೊಡುವುದು ಅವಳ ಇಷ್ಟ. ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ತಿಳಿದು ಬಿಟ್ಟುಕೊಡಬೇಕಾದದ್ದು ನ್ಯಾಯ.

ತಪ್ಪು ಕಂಡರೆ ತಿದ್ದುವ ದಾರಿಗಳಿವೆ. ಹೆಸರು ಬದಲಾಗುವ ಮುನ್ನ ನೋಟಿಸನ್ನು ಚಾವಡಿಯಲ್ಲಿ ಹಚ್ಚಿ, ಸಂಬಂಧಪಟ್ಟವರಿಗೂ ತಿಳಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕು. ಆ ಅವಧಿಯಲ್ಲಿ ತಕರಾರು ಸಲ್ಲಿಸಬಹುದು. ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅಲ್ಲಿಂದ ಮುಂದೆ ಜಿಲ್ಲಾಧಿಕಾರಿಯವರಲ್ಲಿ ಪುನರ್ ಪರಿಶೀಲನೆಗೆ ಅವಕಾಶವಿದೆ. ಹಕ್ಕಿನ ಬಗ್ಗೆಯೇ ವಿವಾದವಾದರೆ ಸಿವಿಲ್ ನ್ಯಾಯಾಲಯವೇ ಗತಿ. ಆದರೆ ಈ ಬಾಗಿಲುಗಳೆಲ್ಲ ತೆರೆಯುವುದು ತಪ್ಪು ಕಣ್ಣಿಗೆ ಬಿದ್ದ ಮೇಲೆ.

ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಅಭ್ಯಾಸವಾದೀತು. ಮನೆಯ ಸರ್ವೆ ನಂಬರುಗಳನ್ನು ಅಜ್ಜಿ ತಾತಂದಿರಿಂದ ಕೇಳಿ ಬರೆದುಕೊಳ್ಳಲಿ. ಪಹಣಿ ತೆಗೆದು ಒಂಬತ್ತನೆಯ ಕಾಲಂನಲ್ಲಿ ಯಾರ ಹೆಸರಿದೆ, ಹತ್ತರಲ್ಲಿ ಅದು ಹೇಗೆ ಬಂತು, ಹನ್ನೊಂದರಲ್ಲಿ ತೀರಿದ ಸಾಲ ಇನ್ನೂ ಉಳಿದಿದೆಯೇ ಎಂದು ಮನೆಯವರೆಲ್ಲರ ಎದುರು ಗಟ್ಟಿಯಾಗಿ ಓದಲಿ. ಅತ್ತೆಯಂದಿರೂ ಅಕ್ಕಂದಿರೂ ಕೇಳಿಸಿಕೊಳ್ಳಲಿ. ಒಂದು ಗಂಟೆ ಬೇಡುವ ಈ ಓದು ಮುಂದೆ ಹತ್ತಾರು ವರ್ಷ ಕೋರ್ಟಿನ ಮೆಟ್ಟಿಲು ತುಳಿಯುವುದನ್ನು ತಪ್ಪಿಸಬಹುದು.